ತೂಕ ಉಳಿಸಿದ ಕಲ್ಲು

ವಜ್ರದ ಕೆಲಸದವರ ಬೀದಿಯಲ್ಲಿ ಅವಳನ್ನು ಎಲ್ಲರೂ ಕೋನಮ್ಮ ಎನ್ನುತ್ತಿದ್ದರು. ದುಂಡು ಕಲ್ಲಿನ ತಳದ ಇಳಿಜಾರು ಎಷ್ಟಿರಬೇಕು, ತಲೆಯ ಇಳಿಜಾರು ಎಷ್ಟಿರಬೇಕು ಎನ್ನುವ ವಿಷಯದಲ್ಲಿ ಅರ್ಧ ಡಿಗ್ರಿಗೂ ಜಗ್ಗದವಳು ಎಂದು ಬಂದ ಹೆಸರು ಅದು. ಅವಳ ಕೈಲಿ ಬೈಸಿಕೊಂಡವರು ಮಾತ್ರ ಮೆಟ್ಟಿಲಿಳಿಯುವಾಗ ನಡುವಿನ ಅಕ್ಷರವನ್ನು ಕೊಂಚ ಒತ್ತಿ ಕೋಣಮ್ಮ ಎಂದು ಗೊಣಗುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. "ಎರಡೂ ಸರಿಯಾಗೇ ಇದೆ ಬಿಡಿ," ಎಂದು ನಕ್ಕು ಸುಮ್ಮನಾಗಿದ್ದಳು.

ಅಣ್ಣ ಮಾತ್ರ ಅವಳನ್ನು ಪುಟ್ಟಿ ಎಂದು ಕರೆಯುತ್ತಿದ್ದ. ಐವತ್ತೊಂದು ದಾಟಿ, ಕಿವಿಯ ಪಕ್ಕದ ಕೂದಲೆಲ್ಲ ಬೆಳ್ಳಗಾದ ಮೇಲೂ ಪುಟ್ಟಿಯೇ.

ಅವರ ಕಾರ್ಖಾನೆ ಎಂದರೆ ಎರಡನೇ ಮಹಡಿಯ ಒಂದು ಉದ್ದ ಕೋಣೆ. ಉತ್ತರಕ್ಕೆ ಮೂರು ಕಿಟಕಿ, ಕಿಟಕಿಗೊಂದು ಸಾಣೆಯ ಮೇಜು. ಊಟದ ತಟ್ಟೆಯಷ್ಟಗಲದ ಕಬ್ಬಿಣದ ಚಕ್ರ ಗುಂಯ್ ಎಂದು ತಿರುಗುತ್ತದೆ. ಅದರ ಮೈಗೆ ಎಣ್ಣೆಯಲ್ಲಿ ಕಲಸಿದ ವಜ್ರದ ಪುಡಿ ಸವರಿರುತ್ತದೆ, ಬೇರೆ ಯಾವ ಪುಡಿಗೂ ಆ ಕಲ್ಲು ಬಗ್ಗುವುದಿಲ್ಲ. ಕಲ್ಲನ್ನು ಹಿಡಿಕೆಯ ತುದಿಗೆ ಕಚ್ಚಿಸಿ ಚಕ್ರದ ಮೇಲೆ ಇಳಿಸುವುದು, ಎತ್ತಿ ನೋಡುವುದು, ಮತ್ತೆ ಇಳಿಸುವುದು. ಒಂದೊಂದು ಕಲ್ಲಿಗೆ ಐವತ್ತೇಳು ಮುಖ. ಮೂವತ್ತೈದು ವರ್ಷದಿಂದ ಕೋನಮ್ಮ ನಡುವಿನ ಕಿಟಕಿಯ ಹತ್ತಿರ ಕೂತು ಇದನ್ನೇ ಮಾಡಿಕೊಂಡು ಬಂದಿದ್ದಳು. ಪಕ್ಕದ ಮೇಜಿನಲ್ಲಿ ಅಪ್ಪನ ಕಾಲದಿಂದಲೂ ಇದ್ದ, ಕಿವಿ ಮಂದವಾದ ಒಬ್ಬ ಹಿರಿಯ ಕೆಲಸಗಾರ. ಮೂರನೇ ಮೇಜು ಖಾಲಿ.

ಆ ಕಿಟಕಿಯ ಜಾಗ ಮೊದಲು ಅಣ್ಣನದಾಗಿತ್ತು. ಅಪ್ಪ ಮಗನಿಗೇ ಕಲಿಸಲು ಹೊರಟಿದ್ದರು. ರಬ್ಬರ್ ಚೆಂಡೊಂದನ್ನು ಗೋಡೆಯ ಮೂಲೆಗೆ ಎಸೆದು ತೋರಿಸುತ್ತಿದ್ದರು. "ನೋಡು, ಈ ಗೋಡೆಗೆ ಹೊಡೆದು, ಆ ಗೋಡೆಗೆ ಹೊಡೆದು, ಮತ್ತೆ ನನ್ನ ಕೈಗೇ ಬಂತಲ್ಲ? ಬೆಳಕೂ ಹಾಗೇ. ಮೇಲಿಂದ ಒಳಗೆ ಹೋದದ್ದು ತಳದ ಎರಡು ಗೋಡೆಗೂ ಹೊಡೆದು ಮೇಲಕ್ಕೇ ಬರಬೇಕು. ತಳ ಜಾಸ್ತಿ ಕಡಿದಾದರೆ ಪಕ್ಕದಿಂದ ಜಾರಿ ಹೋಗುತ್ತೆ, ಕಲ್ಲಿನ ನಡುವೆ ಮೊಳೆಯ ತಲೆ ಹಾಗೆ ಕಪ್ಪು ಕೂರುತ್ತೆ. ತೀರಾ ಚಪ್ಪಟೆಯಾದರೆ ಅಡಿಯಿಂದ ಸೋರಿಹೋಗಿ, ಸತ್ತ ಮೀನಿನ ಕಣ್ಣಿನ ಹಾಗೆ ಬಿಳಿ ಉಂಗುರ ಕಾಣುತ್ತೆ. ನಲವತ್ತೊಂದು ಡಿಗ್ರಿ ಆಸುಪಾಸು ತಳ, ಮೂವತ್ತನಾಲ್ಕರ ಆಸುಪಾಸು ತಲೆ. ಅಲ್ಲೇ ಇರೋದು ಕಲ್ಲಿನ ಜೀವ."

ಅಣ್ಣನಿಗೆ ಮಾತೆಲ್ಲ ಅರ್ಥವಾಗುತ್ತಿತ್ತು, ಕೈ ಮಾತ್ರ ಪಳಗಲಿಲ್ಲ. ಆತುರಕ್ಕೆ ಒತ್ತಿಬಿಡುತ್ತಿದ್ದ, ಕಲ್ಲು ಸುಟ್ಟು ಮಂಜಾಗುತ್ತಿತ್ತು. ಮಧ್ಯಾಹ್ನದ ಊಟದ ಡಬ್ಬಿ ತಂದುಕೊಡಲು ಬರುತ್ತಿದ್ದ ತಂಗಿ ಒಂದು ದಿನ ಸುಮ್ಮನೆ ಹಿಡಿಕೆ ತೆಗೆದುಕೊಂಡು ಎರಡು ಮುಖ ಹಿಡಿದಳು. ಅಪ್ಪ ಅದನ್ನು ಬಹಳ ಹೊತ್ತು ನೋಡಿದರು. ಮಾರನೇ ಬೆಳಿಗ್ಗೆ, "ನೀನು ಏಳಪ್ಪ, ಅವಳು ಕೂತ್ಕೊಳ್ಳಲಿ," ಎಂದರು. ಅವನಿಗೆ ಇಪ್ಪತ್ತು, ಅವಳಿಗೆ ಹದಿನಾರು. ಅಣ್ಣ ನಗುನಗುತ್ತಲೇ ಎದ್ದು, ಅಂಗಿಯ ಧೂಳು ಕೊಡವಿಕೊಂಡು ಅಂಗಡಿಗಳ ಕಡೆ ಹೊರಟ. ಅಲ್ಲಿಂದ ಮುಂದೆ ಕಲ್ಲು ತರುವುದು, ಮಾರುವುದು, ಗಿರಾಕಿಗಳನ್ನು ಮಾತಾಡಿಸುವುದು ಅವನ ಪಾಲಿಗೆ ಬಂತು. ಮಾತಾಡುವುದರಲ್ಲಿ ಅವನು ಎತ್ತಿದ ಕೈ. ಅಪ್ಪ ತೀರಿಕೊಂಡ ಮೇಲೂ ಹಾಗೇ ನಡೆಯಿತು. ಅಣ್ಣನ ಬಾಯಿ, ತಂಗಿಯ ಕೈ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಅವಳು ಮದುವೆಯಾಗಲಿಲ್ಲ. ಬಂದ ಎರಡು ಸಂಬಂಧಗಳಿಗೆ ಅವಳೇ ಒಲ್ಲೆ ಎಂದಿದ್ದಳು. ಅಣ್ಣ, ಅತ್ತಿಗೆ, ಅವಳು, ಮೂವರೂ ಒಂದೇ ಮನೆ, ಒಂದೇ ಅಡುಗೆ.

ಕಲ್ಲಿನ ಜೊತೆ ಚೀಟಿ ಇಡುವ ಉಪಾಯವೂ ಅಣ್ಣನದೇ. ಏಳೆಂಟು ವರ್ಷದ ಹಿಂದೆ ಒಂದು ದಿನ ಬೆರಳುದ್ದದ ದಪ್ಪ ಕಾಗದದ ಚೀಟಿಗಳನ್ನು ಅಚ್ಚು ಹಾಕಿಸಿಕೊಂಡು ಬಂದ. "ಈ ಕಲ್ಲು ನನ್ನ ಕೈಯಲ್ಲಿ ಆದದ್ದು" ಎಂಬ ಒಂದೇ ಸಾಲು, ಕೆಳಗೆ ರುಜುವಿಗೆ ಜಾಗ.

"ಇದೆಲ್ಲ ಯಾಕಣ್ಣ? ಕಲ್ಲೇ ಹೇಳುತ್ತಲ್ಲ," ಎಂದಳು ಅವಳು.

"ಕಲ್ಲು ನಿನ್ನ ಹತ್ರ ಮಾತಾಡುತ್ತೆ ಪುಟ್ಟಿ. ಕೊಳ್ಳೋರ ಹತ್ರ ಮಾತಾಡಲ್ಲ. ಅವರಿಗೆ ಒಂದು ಕಾಗದ ಬೇಕು."

ಅವನ ಮಾತು ಸರಿಯಾಗಿಯೇ ಇತ್ತು. ಚೀಟಿ ಇರುವ ಕಲ್ಲನ್ನು ಜನ ಕೇಳಿ ಕೇಳಿ ಕೊಳ್ಳತೊಡಗಿದರು. ಮೊದಮೊದಲು ಒಂದು ಕಲ್ಲು ಮುಗಿದರೆ ಒಂದು ಚೀಟಿಗೆ ರುಜು. ಆಮೇಲೆ ಅಣ್ಣ, "ಪ್ರತಿ ಸಲ ಕೆಲಸ ಬಿಟ್ಟು ಏಳಬೇಡ, ಬಿಡುವಾದಾಗ ಒಂದು ಕಟ್ಟು ಹಾಕಿಟ್ಟುಬಿಡು," ಎಂದ. ಅವಳು ರೇಡಿಯೋ ಕೇಳುತ್ತಾ ಕಟ್ಟುಗಟ್ಟಲೆ ರುಜು ಹಾಕಿಟ್ಟಳು. ಎಷ್ಟು ಹಾಕಿದೆ, ಎಷ್ಟು ಖರ್ಚಾಯಿತು ಎಂದು ಒಂದು ದಿನವೂ ಕೇಳಲಿಲ್ಲ. ಸ್ವಂತ ಅಣ್ಣನನ್ನು ಅದನ್ನೆಲ್ಲ ಯಾರು ಕೇಳುತ್ತಾರೆ?

ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಎತ್ತರದ ಆಳೊಬ್ಬರು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ಅಣ್ಣ ಹೊರಗೆ ಹೋಗಿದ್ದ. ಬಂದವರು ರೈಲು ಎಂಜಿನ್ ಓಡಿಸಿ ನಿವೃತ್ತರಾದವರು. ಜೇಬಿನಿಂದ ಪುಟ್ಟ ಡಬ್ಬಿ ತೆಗೆದು ಅವಳ ಮೇಜಿನ ಮೇಲಿಟ್ಟರು.

"ತಾವೇನಾ ಕೋನಮ್ಮನೋರು? ನೋಡಿ ತಾಯಿ, ಜಗಳಕ್ಕೆ ಬಂದಿಲ್ಲ ನಾನು. ನಮ್ಮ ಮದುವೆಯಾಗಿ ನಲವತ್ತು ವರ್ಷ ಆಯ್ತು ಅಂತ ನಮ್ಮ ಮನೆಯವಳಿಗೆ ಈ ಉಂಗುರ ಕೊಡಿಸಿದೆ. ಒಂದು ಕ್ಯಾರಟ್ ತುಂಬಾ ಇದೆ ಅಂತ ಅಂಗಡಿಯೋರು ತೂಕದ ಕಾಗದ ಕೊಟ್ರು. ನಿಮ್ಮ ಚೀಟೀನೂ ಕೊಟ್ರು. ಆದ್ರೆ ಅವಳು, ಕಲ್ಲಿಗೆ ಕಣ್ಣು ಹೋಗಿದೆ ಅಂತಾಳೆ."

"ಕೊಳೆ ಕೂತಿರಬಹುದು," ಎಂದಳು ಕೋನಮ್ಮ.

"ಸೋಪು ನೀರಲ್ಲಿ ತೊಳೆದದ್ದಾಯ್ತು, ಬ್ರಶ್ ಹಾಕಿದ್ದಾಯ್ತು. ಅವಳ ಅಕ್ಕನ ಕೈಲಿರೋ ಕಲ್ಲು ಇದಕ್ಕಿಂತ ಎಷ್ಟೋ ಹಗುರ. ಪಕ್ಕದಲ್ಲಿ ಹಿಡಿದ್ರೆ ಅಗಲ ಸರಿಸಮ, ಮಿಂಚೋದ್ರಲ್ಲಿ ಅದೇ ಮುಂದು. ಮೂವತ್ತೆಂಟು ವರ್ಷ ಸಿಗ್ನಲ್ ದೀಪ ನೋಡ್ಕೊಂಡೇ ಬದುಕಿದವನು ನಾನು. ಉರೀತಿರೋದು ಯಾವುದು, ಆರಿರೋದು ಯಾವುದು ಅಂತ ನನಗೂ ತಿಳಿಯುತ್ತಲ್ಲ?"

ಕೋನಮ್ಮ ಉಂಗುರವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕಣ್ಣಿಗೆ ಒತ್ತಿಕೊಳ್ಳುವ ಭೂತಗನ್ನಡಿಯೂ ಬೇಕಾಗಲಿಲ್ಲ. ಕಲ್ಲಿನ ಅಂಚಿನಲ್ಲಿ ಒಂದಿಷ್ಟು ಮಿನುಗು, ನಡುವೆ ಮಸಿ. ಅತ್ತಿತ್ತ ಅಲುಗಿಸಿದರೂ ಆ ಮಸಿ ಅಲ್ಲಿಂದ ಕದಲಲಿಲ್ಲ. ಆಮೇಲೆ ಅಳತೆಯ ಕಡ್ಡಿ ಹಿಡಿದು ನೋಡಿದಳು. ಒಂದು ಕ್ಯಾರಟ್ಟಿನ ದುಂಡು ಕಲ್ಲು ಸರಿಯಾಗಿ ಕಡೆದರೆ ಆರೂವರೆ ಮಿಲಿಮೀಟರ್ ಹತ್ತಿರ ಅಗಲ ಬರುತ್ತದೆ. ಇದು ಆರೂ ಇರಲಿಲ್ಲ. ಉಳಿದ ತೂಕವೆಲ್ಲ ಹೊಟ್ಟೆಗಿಳಿದಿತ್ತು. ಕಲ್ಲಿನ ಸೊಂಟವನ್ನು, ಎಂದರೆ ತಲೆಯೂ ತಳವೂ ಕೂಡುವ ಅಂಚನ್ನು, ಹಗ್ಗದಂತೆ ದಪ್ಪಗೆ ಬಿಟ್ಟಿದ್ದರು. ತಕ್ಕಡಿಯಲ್ಲಿ ಒಂದು ದಾಟಲೆಂದು ಬೆಳಕನ್ನು ಕೊಂದ ಕಲ್ಲು ಅದು.

ಚೀಟಿ ನೋಡಿದಳು. ರುಜು ಅವಳದೇ. ಯಾರೋ ಕಳ್ಳರುಜು ಹಾಕಿದ್ದಲ್ಲ. ಕೊನೆಯ ಅಕ್ಷರದ ಬಾಲವನ್ನು ಅವಸರದಲ್ಲಿ ಮೇಲಕ್ಕೆ ಎಳೆಯುವ ಅವಳದೇ ಅಭ್ಯಾಸ.

"ಎರಡು ದಿನ ಇದು ನನ್ನ ಹತ್ರ ಇರಲಿ," ಎಂದಳು. "ನಾನೇ ನಿಮ್ಮ ಮನೆಗೆ ಬಂದು ವಿಷಯ ಹೇಳ್ತೀನಿ."

ಅವರು ಮನೆಯ ವಿಳಾಸವನ್ನೂ ಅಂಗಡಿಯ ಹೆಸರನ್ನೂ ಬರೆದುಕೊಟ್ಟು ಹೋದರು. ಕೋನಮ್ಮನಿಗೆ ಮೊದಲು ಬಂದ ಅನುಮಾನ ಅಂಗಡಿಯವರ ಮೇಲೆ. ತನ್ನ ಕಲ್ಲನ್ನು ತೆಗೆದಿಟ್ಟುಕೊಂಡು ಚೀಟಿಯ ಜೊತೆ ಬೇರೆ ಕಲ್ಲು ಕೂರಿಸಿದ್ದಾರೆ ಎಂದುಕೊಂಡಳು. ಹಾಗೆ ಅಂದುಕೊಂಡಾಗ ಸಿಟ್ಟು ಬಂತು, ಜೊತೆಗೇ ಒಂದು ತರಹದ ಸಮಾಧಾನವೂ ಆಯಿತು. ಮೇಲಂಗಿ ತೆಗೆದು ಮೊಳೆಗೆ ಸಿಕ್ಕಿಸಿ, ಹಿರಿಯ ಕೆಲಸಗಾರನ ಕಿವಿಯ ಹತ್ತಿರ ಕೂಗಿ ಹೇಳಿ, ಅಂಗಡಿಗೆ ನಡೆದಳು.

ಅಂಗಡಿಯ ಯಜಮಾನ ಅವಳನ್ನು ಕಂಡದ್ದೇ ಎದ್ದು ನಿಂತ. "ಬನ್ನಿ ಬನ್ನಿ, ನೀವು ಇಲ್ಲಿವರೆಗೆ ಬರೋದು ಅಂದ್ರೆ!"

ಅವಳು ಉಂಗುರ ಮುಂದಿಟ್ಟಳು. "ಈ ಕಲ್ಲು ಎಲ್ಲಿಂದ ಬಂತು?"

"ನಿಮ್ಮಲ್ಲಿಂದಲೇ ಬಂದಿದ್ದು. ನಿಮ್ಮಣ್ಣ ಕೈಯಾರೆ ಕೊಟ್ಟಿದ್ದಾರೆ. ಕಾಲುವೆ ಆಚೆ ನಿಮ್ಮ ದೊಡ್ಡ ಕಾರ್ಖಾನೆ ಇದೆಯಲ್ಲ, ಅಲ್ಲಿಂದ ಬಂದ ಮಾಲು." ಅವನು ಅವಳ ಮುಖ ನೋಡಿ ತಡೆದ. "ಯಾಕೆ, ಏನಾದ್ರೂ ತೊಂದರೆ ಆಯ್ತಾ?"

ಅಂಥದೊಂದು ಕಾರ್ಖಾನೆಯ ಸುದ್ದಿಯನ್ನೇ ಕೋನಮ್ಮ ಕೇಳಿರಲಿಲ್ಲ. ಆದರೂ, "ಇಲ್ಲ, ಏನಿಲ್ಲ. ಆ ಕಾರ್ಖಾನೆ ವಿಳಾಸ ಒಂದು ಚೂರು ಬರೆದುಕೊಡಿ, ಮರೆತು ಬಂದೆ," ಎಂದಳು. ತನ್ನದೇ ಕಾರ್ಖಾನೆಯ ವಿಳಾಸ ಮರೆತೆ ಎನ್ನುವ ಹೆಂಗಸನ್ನು ಅವನು ಅನುಮಾನದಿಂದ ನೋಡಿದನಾದರೂ ಬರೆದುಕೊಟ್ಟ.

ಬಸ್ಸು ಕಾಲುವೆ ದಾಟಿತು. ಹಿಂದೆ ಟೈಪಿಂಗ್ ಕಲಿಸುತ್ತಿದ್ದ ಕಟ್ಟಡ ಅದು, ಹಳೆಯ ಬೋರ್ಡಿನ ಗುರುತು ಗೋಡೆಯ ಮೇಲೆ ಇನ್ನೂ ಮಾಸಿರಲಿಲ್ಲ. ಒಳಗೆ ಕಾಲಿಟ್ಟರೆ ಎದುರಿಗೇ ಅವಳು. ಚಕ್ರದ ಮೇಲೆ ಬಾಗಿ ಕೂತ ಅವಳ ಫೋಟೋ, ಬಾಗಿಲಷ್ಟೆತ್ತರ ಮಾಡಿಸಿ, ಕಟ್ಟು ಹಾಕಿಸಿ ನಿಲ್ಲಿಸಿದ್ದರು. ನಾಲ್ಕು ವರ್ಷದ ಹಿಂದೆ, "ನೆನಪಿಗೆ ಇರಲಿ, ಅಲ್ಲಾಡಬೇಡ ಪುಟ್ಟಿ," ಎಂದು ಅಣ್ಣ ತೆಗೆದ ಫೋಟೋ. ಅದರಾಚೆ ಎಂಟು ಸಾಣೆ ಒಟ್ಟಿಗೆ ತಿರುಗುತ್ತಿದ್ದವು.

ಮೇಸ್ತ್ರಿಯೊಬ್ಬ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದ. "ಯಾರು ಬೇಕಿತ್ತಮ್ಮ?" ಎಂದವನು ಅವಳನ್ನು ನೋಡಿದ, ಫೋಟೋ ನೋಡಿದ, ಮತ್ತೆ ಅವಳನ್ನು ನೋಡಿದ. ಬಾಯಿ ತೆರೆದಂತೆಯೇ ಉಳಿಯಿತು.

"ಅಯ್ಯೋ, ನೀವಾ? ನೀವು ತೀರಿಹೋಗಿದೀರಿ ಅಂದ್ಕೊಂಡಿದ್ವಲ್ಲಮ್ಮಾ ನಾವೆಲ್ಲ!"

"ಯಾರು ಹೇಳಿದ್ದು ಹಾಗಂತ?"

"ಯಾರೂ ಹೇಳಿಲ್ಲ. ಹೊಸಬರು ಕೆಲಸಕ್ಕೆ ಸೇರಿದಾಗೆಲ್ಲ ಯಜಮಾನರು ಈ ಫೋಟೋ ಮುಂದೆ ನಿಲ್ಲಿಸಿ, 'ಈ ಕೈಯ ಹೆಸರು ಉಳಿಸಬೇಕು ನೀವು' ಅಂತಾರೆ. ಹೇಳಿ ಒಂದು ನಿಮಿಷ ತಲೆ ತಗ್ಗಿಸಿ ಸುಮ್ಮನೆ ನಿಂತ್ಕೋತಾರೆ. ನಾವು ಇನ್ನೇನು ಅಂದ್ಕೋಬೇಕು ಹೇಳಿ?"

ಬೇರೆ ದಿನವಾಗಿದ್ದರೆ ಕೋನಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಂದು ನಗು ಬರಲಿಲ್ಲ. ಹತ್ತಿರದ ಚಕ್ರದ ಬಳಿ ಹೋಗಿ, "ತಳ ಎಷ್ಟಕ್ಕೆ ಹಿಡಿದಿದೀರಿ?" ಎಂದು ಕೇಳಿದಳು.

"ನಲವತ್ತನಾಲ್ಕು," ಎಂದ ಮೇಸ್ತ್ರಿ. ಸತ್ತವಳು ಎದ್ದು ಬಂದು ಕೇಳುವಾಗ ಸುಳ್ಳು ಹೇಳಲು ಅವನಿಗೆ ಧೈರ್ಯ ಬಂದಂತಿರಲಿಲ್ಲ. "ಕೆಲವು ಸಲ ಇನ್ನೂ ಜಾಸ್ತಿ. ನನಗೂ ಗೊತ್ತಮ್ಮ, ಅದು ಸರಿಯಲ್ಲ. ಆದ್ರೆ ಯಜಮಾನರು ತೂಕ ಬಿಡಬೇಡಿ ಅಂತಾರೆ. ಒಂದರ ಗೆರೆ ದಾಟೋ ಕಲ್ಲಾದ್ರೆ ಹೇಗಾದ್ರೂ ದಾಟಿಸಲೇಬೇಕು."

ಅವಳು ತಲೆಯಾಡಿಸಿದಳು. ಗಾಜಿನ ಅಡ್ಡಗೋಡೆಯ ಆಚೆ ಮುಗಿದ ಕಲ್ಲುಗಳನ್ನು ಬೇರ್ಪಡಿಸುವ ಮೇಜು ಕಾಣುತ್ತಿತ್ತು. ಬಿಳಿ ಕಾಗದದ ಮೇಲೆ ಕಲ್ಲುಗಳ ಸಾಲು. ಒಂದು ಕಡೆ ಅವಳ ರುಜು ಇದ್ದ ಚೀಟಿಗಳ ಕಟ್ಟು. ಚಿಮಟದಲ್ಲಿ ಕಲ್ಲು ಎತ್ತಿ, ಪಕ್ಕಕ್ಕೆ ಓರೆ ಮಾಡಿ, ಉಸಿರು ತಾಕದಂತೆ ಮುಖ ತಿರುಗಿಸಿಕೊಂಡು ನೋಡುತ್ತಿದ್ದ ಹೆಂಗಸಿನ ಬೆನ್ನು ಕಾಣುತ್ತಿತ್ತು. ಹಾಗೆ ಮುಖ ತಿರುಗಿಸಿಕೊಂಡು ನೋಡುವುದನ್ನು ಕಲಿಸಿದವಳು ಕೋನಮ್ಮನೇ. ಎರಡು ವರ್ಷದ ಹಿಂದೆ, "ಸುಮ್ಮನೆ ಹೊತ್ತು ಹೋಗಲ್ಲ, ನನಗೂ ಕಲ್ಲು ನೋಡೋದು ಹೇಳಿಕೊಡು," ಎಂದು ಬಂದ ಅತ್ತಿಗೆಗೆ, ಸಂಜೆಯ ಹೊತ್ತು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದಳು.

ಆ ಎರಡು ವರ್ಷದಿಂದಲೂ ಅತ್ತಿಗೆ ದಿನಾ ಮಧ್ಯಾಹ್ನ ತಾಯಿಯ ಮನೆಗೆ ಹೋಗುತ್ತಿದ್ದಳು. ತಾಯಿ ಹಾಸಿಗೆ ಹಿಡಿದಿದ್ದಾರೆ, ನೋಡಿಕೊಳ್ಳಬೇಕು ಎಂದು ಹೇಳಿ ಹೋಗುತ್ತಿದ್ದಳು. ಕೋನಮ್ಮ ಆ ಮುದುಕಿಗೆಂದು ಮೆತ್ತನೆಯ ಟವೆಲ್ಲುಗಳನ್ನು ಕಳಿಸಿದ್ದಳು. ಚಳಿಗಾಲದಲ್ಲಿ ಬಿಸಿನೀರಿನ ಚೀಲ ಕಳಿಸಿದ್ದಳು.

ಗಾಜಿನ ಬಾಗಿಲು ತಳ್ಳಿದಳು. ಅತ್ತಿಗೆ ತಿರುಗಿದಳು. ಚಿಮಟದಲ್ಲಿದ್ದ ಕಲ್ಲು ಕಾಗದದ ಮೇಲೆ ಬಿತ್ತು.

"ನೀನ್ಯಾಕೆ ಇಲ್ಲಿಗೆ ಬಂದೆ?" ಎಂದಳು ಅತ್ತಿಗೆ. ಅವಳ ಬಾಯಿಂದ ಬಂದ ಮೊದಲ ಮಾತು ಅದು.

"ನಿಮ್ಮಮ್ಮ ಹೇಗಿದ್ದಾರೆ ಅತ್ತಿಗೆ?"

ಅತ್ತಿಗೆ ಬಿದ್ದ ಕಲ್ಲನ್ನು ಎತ್ತಲು ಹೋದಳು, ಕೈಗೆ ಸಿಗಲಿಲ್ಲ. "ಚೆನ್ನಾಗಿದ್ದಾರೆ."

"ಓಡಾಡ್ತಾರಾ?"

"ಓಡಾಡ್ತಾರೆ."

ಕೋನಮ್ಮ ಚೀಟಿಗಳ ಕಟ್ಟನ್ನು ಎತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು. ಅತ್ತಿಗೆ ಬೇಡ ಎನ್ನಲಿಲ್ಲ. "ನಿನಗೆ ನೋವಾಗುತ್ತೆ ಅಂತಲೇ ಹೇಳಲಿಲ್ಲ ಕಣೇ," ಎಂದು ಹಿಂದಿನಿಂದ ಅಂದದ್ದು ಕೇಳಿಸಿತು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಕೋನಮ್ಮನಿಗೆ ಅಣ್ಣನ ಯೋಚನೆಗಿಂತ ಆ ಬಿಸಿನೀರಿನ ಚೀಲದ ಯೋಚನೆಯೇ ಹೆಚ್ಚಾಗಿತ್ತು. ಎಲ್ಲಿಟ್ಟಿರಬಹುದು ಅದನ್ನು? ಯಾರಿಗಾದರೂ ಕೊಟ್ಟಳೋ? ಕೊಡುವಾಗ ನಕ್ಕಳೋ?

ಸಂಜೆ ಏಳಕ್ಕೆ ಅಣ್ಣ ಬಂದ. ವಿಷಯ ಅವನಿಗೆ ಮುಟ್ಟಿತ್ತು. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಊಟದ ಮೇಜಿನ ಎದುರಿಗೆ ಬಂದು ಕೂತ. ಅತ್ತಿಗೆ ಅಡುಗೆ ಕೋಣೆಯಿಂದ ಹೊರಗೆ ಬರಲಿಲ್ಲ. ಕೋನಮ್ಮ ಉಂಗುರವನ್ನು ಅವನ ಮುಂದೆ ಇಟ್ಟಳು.

"ನೋಡು ಇದನ್ನ."

"ನೋಡಿದೀನಿ ಬಿಡು."

"ನಡುವೆ ಏನು ಕಾಣುತ್ತೆ ಹೇಳು. ಅಪ್ಪ ನಿನಗೂ ಕಲಿಸಿದ್ರಲ್ಲ?"

ಅಣ್ಣ ಉಸಿರು ಬಿಟ್ಟ. "ಪುಟ್ಟಿ, ಸಮಾಧಾನವಾಗಿ ಕೇಳು. ನಾನು ಯಾರಿಗೂ ಸುಳ್ಳು ಹೇಳಿಲ್ಲ. ತೂಕ ಒಂದು ಅಂದ್ರೆ ಒಂದು. ಬಣ್ಣ ನಿಜ, ಒಳಗಿನ ಶುದ್ಧಿ ನಿಜ. ಗಿರಾಕಿ ಅಂಗಡಿಗೆ ಬಂದು ಮೊದಲು ಕೇಳೋದೇ ಎಷ್ಟು ಕ್ಯಾರಟ್ ಅಂತ. ತಳ ಎಷ್ಟು ಡಿಗ್ರಿ ಅಂತ ಕೇಳಿದವನನ್ನ ಈ ಜನ್ಮದಲ್ಲಿ ನೋಡಿಲ್ಲ ನಾನು. ನೀನು ನಲವತ್ತೊಂದು ನಲವತ್ತೊಂದು ಅಂತ ಅರ್ಧ ಕಲ್ಲನ್ನ ಪುಡಿ ಮಾಡಿ ಗಾಳಿಗೆ ತೂರ್ತೀಯ. ತಿಂಗಳಿಗೆ ಎಷ್ಟು ಕಲ್ಲು ಆಗುತ್ತೆ ನಿನ್ನ ಕೈಲಿ?"

"ಚೀಟಿ ಸುಳ್ಳಲ್ವಾ?"

ಅವನು ಅಡುಗೆ ಕೋಣೆಯ ಕಡೆ ನೋಡಿದ.

"ನನ್ನ ಕೈಯಲ್ಲಿ ಆದದ್ದು ಅಂತಿದೆ ಅದರಲ್ಲಿ. ನನ್ನ ಹೆಸರಿನ ಮೇಲೆ ಕುರುಡು ಕಲ್ಲು ಮಾರಿದೀಯ ಅಣ್ಣ."

"ನಿನ್ನ ಹೆಸರು!" ಅಣ್ಣನ ಧ್ವನಿ ಏರಿತು. "ನಿನ್ನ ಹೆಸರು ಮಾಡಿದ್ದು ಯಾರು? ಕಿಟಕಿ ಪಕ್ಕ ಕೂತಿದ್ರೆ ಹೆಸರು ತಾನಾಗಿ ಬರುತ್ತಾ? ಮೂವತ್ತೈದು ವರ್ಷ ಅಂಗಡಿ ಅಂಗಡಿ ಅಲೆದು, ನಮ್ಮ ಪುಟ್ಟಿ ಕಡೆದಿದ್ದು, ನಮ್ಮ ಪುಟ್ಟಿ ಕಡೆದಿದ್ದು ಅಂತ ಬಾಯಿ ನೋಯಿಸ್ಕೊಂಡವನು ನಾನು. ಆ ಹೆಸರಲ್ಲಿ ನನಗೆ ಪಾಲಿಲ್ವಾ?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

"ಕೇಳಿದ್ರೆ ಕೊಡ್ತಿದ್ನಲ್ಲೋ," ಎಂದಳು. "ನನ್ನ ಹತ್ರ ಒಂದು ಮಾತು ಹೇಳಬಹುದಿತ್ತಲ್ಲ."

"ಹೇಳಿದ್ರೆ ಒಪ್ತಿದ್ಯಾ?"

"ಒಪ್ತಿರಲಿಲ್ಲ."

"ಮತ್ತೆ?" ಅವನು ಉಂಗುರವನ್ನು ಬೆರಳಿನಿಂದ ಆಚೆ ತಳ್ಳಿದ. ಬೇರೆಯೇ ಧ್ವನಿಯಲ್ಲಿ, "ನೀನು ಏಳಪ್ಪ, ಅವಳು ಕೂತ್ಕೊಳ್ಳಲಿ ಅಂದ್ರಲ್ಲ ಅಪ್ಪ, ಆವತ್ತು ನನ್ನನ್ನ ಯಾರಾದ್ರೂ ಕೇಳಿದ್ರಾ?" ಎಂದ.

ಮೂವತ್ತೈದು ವರ್ಷ ಈ ಮಾತನ್ನು ಅವನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದ ಎಂಬುದು ಅವಳಿಗೆ ತಿಳಿದದ್ದೇ ಆಗ. ಆ ಬೆಳಿಗ್ಗೆ ನಗುನಗುತ್ತಾ ಎದ್ದುಹೋದ ಹುಡುಗ ನಿಜವಾಗಿ ನಗುತ್ತಿರಲಿಲ್ಲ. ಅವಳಿಗೆ ಅವನ ಮೇಲೆ ಮರುಕ ಬಂತು. ಮರುಕ ಬಂದದ್ದರಿಂದ ಸಿಟ್ಟು ಒಂದು ಚೂರೂ ಕಮ್ಮಿಯಾಗಲಿಲ್ಲ. ಇಷ್ಟು ವರ್ಷ ಪುಟ್ಟಿ ಪುಟ್ಟಿ ಎಂದು ಕರೆದದ್ದರಲ್ಲಿ ಅಕ್ಕರೆ ಎಷ್ಟಿತ್ತು, ಈ ನೋವು ಎಷ್ಟಿತ್ತು ಎಂದು ಇನ್ನು ಯಾವ ಅಳತೆಯಿಂದಲೂ ಗೊತ್ತುಮಾಡಲು ಆಗದು ಎನ್ನಿಸಿತು. ಊಟ ಮಾಡದೆ ಎದ್ದು ಕೋಣೆಯ ಬಾಗಿಲು ಹಾಕಿಕೊಂಡಳು.

ಮಾರನೆಯ ದಿನ ಎಂಜಿನ್ ಚಾಲಕರ ಮನೆಗೆ ಹೋದಳು. ರೈಲು ನಿಲ್ದಾಣದ ಹಿಂದೆ ಎರಡು ಕೋಣೆಯ ಮನೆ. ಗಾಡಿ ಹೋದಾಗಲೆಲ್ಲ ಕಪಾಟಿನ ಲೋಟಗಳು ಕಿಣಿಕಿಣಿ ಎನ್ನುತ್ತಿದ್ದವು. ಗಂಡ ಹೆಂಡತಿ ಇಬ್ಬರೂ ಎದುರಿಗೆ ಕೂತರು. ಚಹಾ ಬಂತು. ಅವಳು ಲೋಟ ಮುಟ್ಟಲಿಲ್ಲ.

"ರುಜು ನನ್ನದು. ಕೆಲಸ ನನ್ನದಲ್ಲ," ಎಂದಳು. "ಆದ್ರೆ ರುಜು ನನ್ನದೇ ಆದ್ದರಿಂದ ತಪ್ಪೂ ನನ್ನದೇ."

"ಮತ್ತೆ ಈ ಕೆಲಸ ಮಾಡಿದ್ದು ಯಾರು?" ಎಂದರು ಚಾಲಕರು.

"ನಮ್ಮಣ್ಣ ಮಾಡಿಸಿದ್ದು." ಹೊರಗಿನವರ ಮುಂದೆ ಅದನ್ನು ಹೇಳಿದ್ದು ಅದೇ ಮೊದಲು. ಹೇಳುವಾಗ ಕಣ್ಣು ತುಂಬಿ ಬಂತು. ಆ ಮನೆಯಾಕೆ ಎದ್ದು ಬಂದು ಪಕ್ಕದಲ್ಲಿ ಕೂತರು.

ಕಲ್ಲನ್ನು ಮತ್ತೆ ಕಡೆಯಬಹುದು ಎಂದು ಕೋನಮ್ಮ ವಿವರಿಸಿದಳು. ತಳವನ್ನು ಸರಿಯಾದ ಇಳಿಜಾರಿಗೆ ತಂದು ಸೊಂಟ ತೆಳುವಾಗಿಸಿದರೆ ಬೆಳಕು ಬರುತ್ತದೆ. ಅಗಲ ಈಗಿನಷ್ಟೇ ಉಳಿಯುತ್ತದೆ. ಆದರೆ ತೂಕದಲ್ಲಿ ಐದನೇ ಒಂದು ಪಾಲು ಹೋಗುತ್ತದೆ, ಒಂದು ಕ್ಯಾರಟ್ ಎಂದು ಹೇಳಿಕೊಳ್ಳಲು ಆಗುವುದಿಲ್ಲ. ಬೇಡವೆಂದರೆ ಕಲ್ಲು ಕೊಟ್ಟು ಹಣ ವಾಪಸ್ಸು ಪಡೆಯಬಹುದು, ಅಂಗಡಿಯವರ ಹತ್ತಿರ ತಾನೇ ಮಾತಾಡುತ್ತೇನೆ ಎಂದಳು.

ಚಾಲಕರ ಮುಖ ಬಾಡಿತು. "ಒಂದು ಕ್ಯಾರಟ್ ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ..."

"ನಾನೇನು ತಕ್ಕಡಿ ಕಟ್ಕೊಂಡು ಓಡಾಡ್ತೀನಾ?" ಎಂದರು ಹೆಂಡತಿ. "ನೀವು ಕೊಟ್ಟ ಕಲ್ಲೇ ನನಗಿರಲಿ. ಕಣ್ಣು ಬರೋ ಹಾಗಿದ್ರೆ ಮಾಡಿಕೊಡಿ ತಾಯಿ."

ಎರಡು ದಿನ ಕೋನಮ್ಮ ಆ ಒಂದು ಕಲ್ಲಿನ ಮೇಲೆ ಬಾಗಿ ಕೂತಳು. ಉಂಗುರದ ಹಲ್ಲು ಬಿಡಿಸಿ, ಕಲ್ಲು ತೆಗೆದು, ಹಿಡಿಕೆಗೆ ಕಚ್ಚಿಸಿದಳು. ತಳದ ಎಂಟು ದೊಡ್ಡ ಮುಖಗಳನ್ನು ಒಂದೊಂದಾಗಿ ತಗ್ಗಿಸುತ್ತಾ ಬಂದಳು. ಅಣ್ಣ ಒಮ್ಮೆ ಬಾಗಿಲವರೆಗೆ ಬಂದು ನಿಂತ. ಚಕ್ರದ ಸದ್ದಿನ ನಡುವೆಯೂ ಅವನ ಹೆಜ್ಜೆ ಅವಳಿಗೆ ಗೊತ್ತಾಯಿತು. ತಲೆ ಎತ್ತಲಿಲ್ಲ. ಅವನು ಸ್ವಲ್ಪ ಹೊತ್ತು ಚೌಕಟ್ಟಿಗೆ ಒರಗಿದ್ದು ಹೊರಟುಹೋದ.

ಗುರುವಾರ ಮಧ್ಯಾಹ್ನ ಆರನೇ ಮುಖ ಮುಗಿದಾಗ ಮಸಿ ಒಂದು ಕಡೆಯಿಂದ ಹರಿದಂತೆ ಕಂಡಿತು. ಎಂಟೂ ಮುಗಿದು, ಕಿರುಮುಖಗಳನ್ನೆಲ್ಲ ತೀಡಿ, ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿ ಕಾಗದದ ಮೇಲೆ ಇಟ್ಟಾಗ ನಡುವಿನಿಂದ ಅಂಚಿನವರೆಗೂ ಬೆಳಕು ತುಂಬಿತ್ತು. ಕಾಗದವನ್ನು ಕೊಂಚ ಅಲುಗಿಸಿದರೆ ಬಿಳಿ ಹೊಳಪು ಒಡೆದು ಕೆಂಪು, ನೀಲಿ ಚೂರುಗಳಾಗಿ ಹಾರುತ್ತಿತ್ತು. ಹಿರಿಯ ಕೆಲಸಗಾರ ಎದ್ದು ಬಂದು ನೋಡಿ, ಕಿವಿ ಕೇಳಿಸದವರು ಮಾತಾಡುವ ಹಾಗೆ ಜೋರಾಗಿ, "ಬದುಕಿಸಿಬಿಟ್ಟೆ!" ಎಂದ.

ಉಂಗುರ ತೊಟ್ಟ ಆ ಮನೆಯಾಕೆ ಕಿಟಕಿಯ ಬಳಿ ಕೈ ಚಾಚಿ ನಿಂತು, ಗಂಡನನ್ನು ಕೂಗಿ ಕರೆದರು. ಇಬ್ಬರೂ ಮಕ್ಕಳ ಹಾಗೆ ತಲೆಗೆ ತಲೆ ತಾಗಿಸಿಕೊಂಡು ನೋಡಿದರು. ಕೋನಮ್ಮನಿಗೆ ಸಂತೋಷವಾಗಬೇಕಿತ್ತು. ಹೀಗೆ ಇನ್ನೆಷ್ಟು ಕೈಗಳಲ್ಲಿ ತನ್ನ ಹೆಸರಿನ ಕುರುಡು ಕಲ್ಲುಗಳಿವೆಯೋ ಎಂಬ ಯೋಚನೆ ಆ ಸಂತೋಷವನ್ನು ಹತ್ತಿರಕ್ಕೆ ಬರಗೊಡಲಿಲ್ಲ.

ಮರುದಿನದಿಂದ ಅವಳು ತಮ್ಮ ಕಲ್ಲು ಕೊಳ್ಳುವ ಅಂಗಡಿಗಳಿಗೆಲ್ಲ ಹೋದಳು. ಕಾಲುವೆಯಾಚೆಯಿಂದ ಬರುವ ಕಲ್ಲು ತನ್ನದಲ್ಲ, ಚೀಟಿ ನಂಬಬೇಡಿ, ಕೊಂಡವರು ಯಾರಾದರೂ ವಾಪಸ್ಸು ತಂದರೆ ತಾನು ಮತ್ತೆ ಕಡೆದುಕೊಡುತ್ತೇನೆ ಎಂದು ಹೇಳಿದಳು. ಅಂಗಡಿಯವರು ಕೂರಿಸಿ, ನೀರು ಕೊಟ್ಟು, ತಲೆದೂಗಿದರು. ಕೊಂಡವರಿಗೆ ಹೇಳಿ ಕಳಿಸಿದವರು ಒಬ್ಬರೂ ಇಲ್ಲ. ಉಂಗುರ ತಂದದ್ದು ಮೂವರು ಮಾತ್ರ. ಅಣ್ಣನ ವ್ಯಾಪಾರ ಮುಳುಗಲಿಲ್ಲ. ಚೀಟಿ ನಿಂತಿತು, ಫೋಟೋದ ಜಾಗದಲ್ಲಿ ಗೋಡೆ ಗಡಿಯಾರ ಬಂತು, ಎಂಟು ಚಕ್ರ ಹತ್ತಾದವು. ತೂಕ ಕೇಳುವವರು ಕೊಳ್ಳುತ್ತಲೇ ಇದ್ದರು. ಬೀದಿಯಲ್ಲಿ ಕೆಲವರು ಕೋನಮ್ಮ ಒಡಹುಟ್ಟಿದವನ ಮರ್ಯಾದೆ ತೆಗೆದಳು ಎಂದು ಮೂಗು ಮುರಿದರು. ಹಾಗೆ ಅಂದವರಲ್ಲಿ ಅವಳಿಂದಲೇ ಕೆಲಸ ಕಲಿತವರೂ ಇದ್ದರು.

ತಿಂಗಳೊಪ್ಪತ್ತಿನಲ್ಲಿ ಅವಳು ಮನೆ ಬಿಟ್ಟಳು. ಎರಡು ಪೆಟ್ಟಿಗೆ, ಒಂದು ರೇಡಿಯೋ. ಅತ್ತಿಗೆ ಬಾಗಿಲಲ್ಲಿ ಅತ್ತಳು, ಹೋಗಬೇಡ ಎಂದು ಮಾತ್ರ ಅನ್ನಲಿಲ್ಲ. ಕಾರ್ಖಾನೆಯ ತನ್ನ ಪಾಲನ್ನು ಅಣ್ಣನಿಗೇ ಬಿಟ್ಟು, ಊರಿನ ಇನ್ನೊಂದು ತುದಿಯಲ್ಲಿ ಒಬ್ಬ ಗಡಿಯಾರ ರಿಪೇರಿಯವನ ಹಿಂದಿನ ಕೋಣೆ ಬಾಡಿಗೆಗೆ ಹಿಡಿದು, ಹಳೆಯ ಕಲ್ಲುಗಳನ್ನು ಮತ್ತೆ ಕಡೆಯುವ ಕೆಲಸ ಹಿಡಿದಳು. ತಾತನ ಕಾಲದ ಉಂಗುರ, ಅಂಚು ಮುರಿದ ಕಲ್ಲು, ಯಾರೋ ಆತುರದವರು ಕೆಡಿಸಿದ ಕಲ್ಲು. ಕೆಲಸ ಬರುತ್ತಿತ್ತು. ಹಿರಿಯ ಕೆಲಸಗಾರ ವಾರಕ್ಕೊಮ್ಮೆ ಬಂದು ಕೂತು ಹೋಗುತ್ತಿದ್ದ. ಅಣ್ಣನ ಸುದ್ದಿ ಅವನೂ ಎತ್ತುತ್ತಿರಲಿಲ್ಲ, ಅವಳೂ ಕೇಳುತ್ತಿರಲಿಲ್ಲ. ಅಡುಗೆ ಒಬ್ಬಳಿಗೆ ಮಾಡುವ ಅಳತೆ ಮಾತ್ರ ಬಹಳ ದಿನ ಕೈಗೆ ಹತ್ತಲಿಲ್ಲ. ದಿನಾ ಮಿಕ್ಕುತ್ತಿತ್ತು.

ಎರಡು ವರ್ಷದ ಮೇಲೆ ಒಂದು ದಿನ ಕಣ್ಣಾಸ್ಪತ್ರೆಯಲ್ಲಿ ಅವಳು ತನ್ನ ಸರದಿಗಾಗಿ ಬೆಂಚಿನ ಮೇಲೆ ಕೂತಿದ್ದಳು. ಎದುರಿನ ಬೆಂಚಿನಲ್ಲಿ ಅಣ್ಣ. ಅವನ ಕಣ್ಣಿಗೆ ಆಗಲೇ ಔಷಧದ ಹನಿ ಹಾಕಿದ್ದರು. ರೆಪ್ಪೆ ಒದ್ದೆಯಾಗಿ, ನೋಟ ಮಂಜಾಗಿ, ಎಲ್ಲೂ ನಿಲ್ಲದೆ ಸುಮ್ಮನೆ ಅವಳ ಕಡೆಗಿತ್ತು. ಸೊರಗಿದ್ದ. ಅಂಗಿಯ ಗುಂಡಿಗಳನ್ನು ಒಂದು ಬಿಟ್ಟು ಒಂದಕ್ಕೆ ಹಾಕಿಕೊಂಡಿದ್ದ. ಜೊತೆಗೆ ಯಾರೂ ಕಾಣಲಿಲ್ಲ. ಅವಳು ಎದ್ದು ಹೋಗಬೇಕೆಂದುಕೊಂಡಳು, ಮಾತಾಡಿಸಬೇಕೆಂದುಕೊಂಡಳು, ಎರಡೂ ಆಗದೆ ಕೂತೇ ಇದ್ದಳು.

ನರ್ಸು ಬಂದು ಅವನ ಸಂಖ್ಯೆ ಕೂಗಿದಳು. ಅವನು ಎದ್ದು, ಕೈಯಿಂದ ಗಾಳಿ ತಡವುತ್ತಾ, ಬಾಗಿಲ ಬದಲು ಗೋಡೆಯ ಕಡೆ ಹೊರಟ. ಕೋನಮ್ಮ ಎದ್ದು ಅವನ ಮೊಣಕೈ ಹಿಡಿದಳು. ಹನ್ನೆರಡು ಹೆಜ್ಜೆ ಇದ್ದಿರಬಹುದು. ನಡೆಸಿಕೊಂಡು ಹೋಗಿ ವೈದ್ಯರ ಬಾಗಿಲ ಹಿಡಿಯನ್ನು ಅವನ ಕೈಗೆ ಮುಟ್ಟಿಸಿದಳು.

"ಉಪಕಾರವಾಯ್ತಮ್ಮ," ಎಂದ ಅಣ್ಣ.

ಅವಳು ಅವನ ಮೊಣಕೈ ಬಿಟ್ಟಳು. ಅವನಿಗೆ ಗುರ್ತು ಸಿಕ್ಕಿತ್ತೋ ಇಲ್ಲವೋ ಎಂಬುದು ಅವಳಿಗೆ ಎಂದೂ ತಿಳಿಯಲಿಲ್ಲ. ಬಾಗಿಲು ಮುಚ್ಚಿತು. ವಾಪಸ್ಸು ಬಂದು ಕೂತಾಗ ಪಕ್ಕದಲ್ಲಿದ್ದ ಹೆಂಗಸು, "ನಿಮ್ಮ ಕಡೆಯವರಾ?" ಎಂದು ಕೇಳಿದಳು.

"ಇಲ್ಲ," ಎಂದಳು ಕೋನಮ್ಮ. ಸ್ವಲ್ಪ ಹೊತ್ತಿನಲ್ಲಿ ನರ್ಸು ಬಂದು ಹನಿ ಹಾಕಬೇಕು, ತಲೆ ಹಿಂದಕ್ಕೆ ಒರಗಿಸಿ ಎಂದಳು, ಅವಳು ಒರಗಿಸಿ ಕಣ್ಣು ತೆರೆದಳು.